ಉಚಿತ ತರಗತಿಯೋ, ಯೋಗಶಾಲೆಯೋ, ಮೊಬೈಲ್ ಪರದೆಯೋ, ಮನೆಯ ಮೂಲೆಯೋ: ನಿಮ್ಮ ಯೋಗಾಭ್ಯಾಸಕ್ಕೆ ಯಾವುದು ಒಗ್ಗುತ್ತದೆ?

ನಮ್ಮ ಮನೆಯಲ್ಲಿ ಇಬ್ಬರೂ ಯೋಗ ಮಾಡುತ್ತೇವೆ, ಆದರೆ ಒಬ್ಬರ ಕ್ರಮ ಇನ್ನೊಬ್ಬರಿಗೆ ಹಿಡಿಸುವುದಿಲ್ಲ. ನಮ್ಮ ಮನೆಯವರು ಬೆಳಿಗ್ಗೆ ಐದಕ್ಕೆ ಎದ್ದು, ಮೈಸೂರಿನ ಡಿಸೆಂಬರ್ ಚಳಿಯಲ್ಲಿಯೂ ಸುತ್ತಿದ ಜಮಖಾನವನ್ನು ಕಂಕುಳಲ್ಲಿ ಇರುಕಿಕೊಂಡು ಬಡಾವಣೆಯ ಉಚಿತ ತರಗತಿಗೆ ಹೋಗುತ್ತಾರೆ. ನಾನು ಸಂಜೆ ನಾಲ್ಕೂವರೆಗೆ ಮಲಗುವ ಕೋಣೆಯ ಕದ ಹಾಕಿಕೊಂಡು ಒಬ್ಬಳೇ ಮಾಡುತ್ತೇನೆ. ಅವರದು ಹನ್ನೊಂದು ವರ್ಷದ ಅಭ್ಯಾಸ, ನನ್ನದು ಏಳು. ಇಲ್ಲಿಗೆ ಬಂದು ನಿಲ್ಲುವ ಮೊದಲು ನಾನು ಸೇರಿ ಬಿಟ್ಟ ಕಡೆಗಳು ಮೂರು. ಹಾಗಾಗಿ ಪರಿಚಯದವರು "ಯೋಗ ಶುರು ಮಾಡಬೇಕು, ಎಲ್ಲಿಗೆ ಸೇರಲಿ?" ಎಂದು ಕೇಳಿದಾಗ ನನಗೆ ಮೊದಲು ನೆನಪಾಗುವುದು ಗೆದ್ದ ಕಥೆಗಿಂತ ಬಿಟ್ಟ ಕಥೆಗಳೇ.

ಎಲ್ಲಿ ಸೇರಬೇಕೆಂದು ನಿರ್ಧರಿಸುವ ಮುಂಚೆ ಎರಡು ಪ್ರಶ್ನೆ ಕೇಳಿಕೊಳ್ಳಿ. ನಾನು ತಪ್ಪು ಮಾಡಿದರೆ ಯಾರಿಗೆ ಕಾಣುತ್ತದೆ? ನಾನು ತಪ್ಪಿಸಿಕೊಂಡರೆ ಯಾರಿಗೆ ಗೊತ್ತಾಗುತ್ತದೆ? ಶುರುವಿನಲ್ಲಿ ಮೊದಲನೆಯದು ಮುಖ್ಯ, ಉಳಿಸಿಕೊಳ್ಳುವಾಗ ಎರಡನೆಯದು. ಎರಡಕ್ಕೂ ಚೆನ್ನಾಗಿ ಉತ್ತರ ಕೊಡುವ ಒಂದೇ ಜಾಗ ನನಗಂತೂ ಸಿಗಲಿಲ್ಲ.

ಉಚಿತ ತರಗತಿ

ಕರ್ನಾಟಕದಲ್ಲಿ ದುಡ್ಡಿಲ್ಲದೆ ಯೋಗ ಕಲಿಯುವುದು ಹೊಸದೇನಲ್ಲ. ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿಯವರು ಊರೂರು ತಿರುಗಿ ಶಿಬಿರ ನಡೆಸಿ ಆಸನಗಳನ್ನು ಹೇಳಿಕೊಟ್ಟದ್ದನ್ನು ನೆನೆಯುವ ಹಿರಿಯರು ಈಗಲೂ ಇದ್ದಾರೆ. ಇಂದು ಮೈಸೂರು, ಬೆಂಗಳೂರಿನಂಥ ಊರುಗಳ ಬಹುತೇಕ ಬಡಾವಣೆಗಳಲ್ಲಿ ಶಾಲೆಯ ಸಭಾಂಗಣದಲ್ಲೋ ದೇವಸ್ಥಾನದ ಮಹಡಿಯಲ್ಲೋ ಉದ್ಯಾನದಲ್ಲೋ ಬೆಳಗಿನ ತರಗತಿ ಇದ್ದೇ ಇರುತ್ತದೆ. ಕಲಿಸುವವರು ಹೆಚ್ಚಾಗಿ ಅದೇ ತರಗತಿಯಲ್ಲಿ ಕಲಿತವರು: ನಿವೃತ್ತ ಮೇಷ್ಟರು, ಬ್ಯಾಂಕಿನಿಂದ ಸ್ವಯಂ ನಿವೃತ್ತಿ ಪಡೆದವರು, ಕಿರಾಣಿ ಅಂಗಡಿ ತೆರೆಯುವ ಮೊದಲು ಒಂದು ಗಂಟೆ ಸೇವೆ ಎಂದು ಬರುವವರು. ಒಬ್ಬರು ಮುಂದೆ ನಿಂತು ಹೇಳುತ್ತಾರೆ, ಹಳಬರಿಬ್ಬರು ಸಾಲುಗಳ ನಡುವೆ ಓಡಾಡುತ್ತಾರೆ.

ತಪ್ಪಿಸಿಕೊಂಡರೆ ಗೊತ್ತಾಗುವ ವಿಷಯದಲ್ಲಿ ಇದನ್ನು ಮೀರಿಸುವ ಏರ್ಪಾಟು ಇಲ್ಲ. ಮೂರು ದಿನ ಕಾಣದಿದ್ದರೆ ನಾಲ್ಕನೆಯ ದಿನ ತರಕಾರಿ ಗಾಡಿಯ ಮುಂದೆ ಯಾರಾದರೂ ಹಿಡಿದುಕೊಂಡು "ಏನು ಸಾರ್, ಹುಷಾರಿಲ್ಲವೇ?" ಎಂದು ಕೇಳಿಯೇ ಕೇಳುತ್ತಾರೆ. ತರಗತಿ ಮುಗಿದ ಮೇಲೆ ದರ್ಶಿನಿಯ ಮುಂದೆ ಅರ್ಧ ಲೋಟ ಕಾಫಿ, ರಾಜಕೀಯ, ಮಕ್ಕಳ ಮದುವೆ. ಆ ಕಾಫಿಯೇ ಅರ್ಧ ಜನರನ್ನು ಹಾಸಿಗೆಯಿಂದ ಎಬ್ಬಿಸುತ್ತದೆ ಎಂಬುದು ನನ್ನ ಗುಮಾನಿ. ನಮ್ಮ ಮನೆಯವರು ಒಪ್ಪುವುದಿಲ್ಲ. ಆದರೆ ದರ್ಶಿನಿಗೆ ರಜೆಯಿದ್ದ ವಾರ ಅವರು ಎರಡು ದಿನ ಏಳಲಿಲ್ಲ ಎಂಬುದನ್ನು ನಾನು ಲೆಕ್ಕ ಇಟ್ಟಿದ್ದೇನೆ.

ತಪ್ಪು ಕಾಣುವ ವಿಷಯಕ್ಕೆ ಬಂದರೆ ಇದು ಸೋಲುತ್ತದೆ. ಐವತ್ತು ಅರವತ್ತು ಮಂದಿಯ ನಡುವೆ ನಿಮ್ಮ ಮೊಣಕಾಲು ಯಾವ ದಿಕ್ಕಿಗೆ ತಿರುಗಿದೆ ಎಂದು ನೋಡುವವರು ಯಾರು? ಇಪ್ಪತ್ತೆಂಟರ ಹುಡುಗನಿಗೂ ಎಪ್ಪತ್ತರ ಅಜ್ಜನಿಗೂ ಒಂದೇ ಎಣಿಕೆ. ಜೊತೆಗೆ ಪಕ್ಕದವರ ಕಾಲು ನೆಲ ಮುಟ್ಟಿತೆಂದರೆ ನಮ್ಮದೂ ಮುಟ್ಟಬೇಕೆಂಬ ಹಟ ಬೇರೆ. ನಮ್ಮ ಮನೆಯವರು ಮೊದಲ ವರ್ಷ ಹೀಗೆಯೇ, ಅಂಗಾತ ಮಲಗಿ ಕಾಲನ್ನು ತಲೆಯ ಹಿಂದಿನ ನೆಲಕ್ಕೆ ತಾಗಿಸುವ ಹಲಾಸನದಲ್ಲಿ ಎಳೆದೂ ಎಳೆದೂ ಹದಿನೈದು ದಿನ ಕತ್ತು ತಿರುಗಿಸಲಾಗದೆ, ಕರೆದರೆ ಇಡೀ ಮೈ ತಿರುಗಿಸಿ ನೋಡುತ್ತಿದ್ದರು. ಇನ್ನೊಂದು ಸಣ್ಣ ಮಾತು. ತರಗತಿ ಕಲ್ಯಾಣ ಮಂಟಪದಲ್ಲಿ ನಡೆಯುವುದಾದರೆ ಲಗ್ನದ ತಿಂಗಳುಗಳಲ್ಲಿ ಏನು ಮಾಡುತ್ತಾರೆಂದು ಮೊದಲೇ ಕೇಳಿಕೊಳ್ಳಿ. ವೈಶಾಖದಲ್ಲಿ ತಪ್ಪಿದ ಅಭ್ಯಾಸ ಆಷಾಢದವರೆಗೂ ಹಿಂದಿರುಗದಿರುವುದನ್ನು ನೋಡಿದ್ದೇನೆ.

ಶುಲ್ಕದ ಯೋಗಶಾಲೆ

ಇಲ್ಲಿ ಆಯ್ಕೆ ಎರಡು ಪಟ್ಟು, ಏಕೆಂದರೆ ಜಾಗದ ಜೊತೆಗೆ ಪದ್ಧತಿಯನ್ನೂ ಆರಿಸಬೇಕು. ಫಲಕಗಳಲ್ಲಿ ಹೆಚ್ಚಾಗಿ ಕಾಣುವ ಎರಡು ಹೆಸರುಗಳು ಅಷ್ಟಾಂಗ ವಿನ್ಯಾಸ ಮತ್ತು ಅಯ್ಯಂಗಾರ್. ಎರಡೂ ಒಂದೇ ಗುರುವಿನ ಪಾಠದಿಂದ ಹೊರಟವು ಎಂಬುದು ಮೈಸೂರಿನವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಚಿತ್ರದುರ್ಗ ಸೀಮೆಯಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1930ರ ದಶಕದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಕಲಿಸಿದರು. ಹಾಸನದ ಬಳಿಯ ಕೌಶಿಕದ ಪಟ್ಟಾಭಿ ಜೋಯಿಸರು ಅವರ ಶಿಷ್ಯರು. ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಕೃಷ್ಣಮಾಚಾರ್ಯರ ಶಿಷ್ಯರಷ್ಟೇ ಅಲ್ಲ, ಅವರ ಹೆಂಡತಿಯ ತಮ್ಮ ಕೂಡ. ಜೋಯಿಸರು ಮೈಸೂರಿನಲ್ಲಿಯೇ ಉಳಿದು ಉಸಿರಿನ ಎಣಿಕೆಗೆ ಒಂದರ ಹಿಂದೊಂದು ಆಸನ ಹೊಸೆಯುವ ಅಷ್ಟಾಂಗ ಕ್ರಮವನ್ನು ಬೆಳೆಸಿದರು. ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯಗಳಿಂದ ಸೊರಗಿದ್ದ ಅಯ್ಯಂಗಾರರು 1937ರಲ್ಲಿ ಪುಣೆಗೆ ಹೋಗಿ, ಒಂದೊಂದು ಆಸನದಲ್ಲಿ ನಿಂತು ಮೂಳೆ ಕೀಲುಗಳನ್ನು ಸರಿಹೊಂದಿಸುವ, ಅದಕ್ಕಾಗಿ ಹಗ್ಗ, ಪಟ್ಟಿ, ಮರದ ಇಟ್ಟಿಗೆ, ಕುರ್ಚಿ, ಕಂಬಳಿ ಬಳಸುವ ಕ್ರಮವನ್ನು ಕಟ್ಟಿದರು.

ಅಷ್ಟಾಂಗದಲ್ಲಿ ಕ್ರಮ ನಿಗದಿ. ಸೂರ್ಯನಮಸ್ಕಾರ 'ಎ'ಗೆ 9 ವಿನ್ಯಾಸ (ಉಸಿರಿಗೆ ಹೊಂದಿಸಿದ ಚಲನೆ), 'ಬಿ'ಗೆ 17, ಆಮೇಲೆ ನಿಂತು ಮಾಡುವವು, ಕುಳಿತು ಮಾಡುವವು, ಹೆಚ್ಚಿನ ಆಸನಗಳಲ್ಲಿ ಐದು ಉಸಿರು. ಮೊದಲ ಸರಣಿ ಪೂರ್ತಿ ಮಾಡಲು ಸುಮಾರು ಒಂದೂವರೆ ಗಂಟೆ. ವಾರಕ್ಕೆ ಆರು ದಿನ, ಅಮಾವಾಸ್ಯೆ ಹುಣ್ಣಿಮೆಗೆ ಬಿಡುವು. ಕೇಳಿದರೆ ಎದೆ ನಡುಗುತ್ತದೆ. ಆದರೆ ಜಗತ್ತೆಲ್ಲ 'ಮೈಸೂರು ಶೈಲಿ' ಎಂದು ಕರೆಯುವ ತರಗತಿಯಲ್ಲಿ ಎಲ್ಲರೂ ಒಟ್ಟಿಗೆ ಮಾಡುವುದಿಲ್ಲ. ಪ್ರತಿಯೊಬ್ಬರೂ ತಮಗೆ ಬಾಯಿಪಾಠವಾಗಿರುವಷ್ಟನ್ನು ತಮ್ಮ ಉಸಿರಿಗೆ ಮಾಡುತ್ತಾರೆ. ಒಂದು ಆಸನ ಕುದುರಿದ ಮೇಲೆ ಗುರುಗಳು ಮುಂದಿನದನ್ನು ಕೊಡುತ್ತಾರೆ. ಮೊದಲ ವಾರ ಇಪ್ಪತ್ತು ನಿಮಿಷಕ್ಕೇ ಮನೆಗೆ ಕಳಿಸುವುದುಂಟು. ಇದರ ದೊಡ್ಡ ಲಾಭ ಶಾಲೆಯಲ್ಲಿರುವಾಗ ತಿಳಿಯುವುದಿಲ್ಲ, ಬಿಟ್ಟ ಮೇಲೆ ತಿಳಿಯುತ್ತದೆ. ಇಂದು ಏನು ಮಾಡಲಿ ಎಂಬ ಯೋಚನೆಯೇ ಬೇಕಿಲ್ಲ, ಚಾಪೆಯ ಮೇಲೆ ನಿಂತರೆ ಮೈ ತಾನೇ ಮುಂದುವರಿಯುತ್ತದೆ. ಊರು ಬದಲಿಸುವ ಕೆಲಸದವರಿಗೆ, ಒಬ್ಬರೇ ಅಭ್ಯಾಸ ಮಾಡಬೇಕೆಂದಿರುವ ಮೂವತ್ತರೊಳಗಿನವರಿಗೆ ನಾನು ಕಣ್ಣುಮುಚ್ಚಿ ಇದನ್ನೇ ಹೇಳುತ್ತೇನೆ.

ನಲವತ್ತೈದು ದಾಟಿ, ಮೊದಲ ಸಲ ಚಾಪೆ ಹಾಸುವವರಿಗೆ, ಮಂಡಿ ಸೊಂಟ ಈಗಾಗಲೇ ಮಾತಾಡಲು ತೊಡಗಿರುವವರಿಗೆ ಅಯ್ಯಂಗಾರ್ ಪದ್ಧತಿ ಮೇಲು. ಕೈ ನೆಲ ಮುಟ್ಟದಿದ್ದರೆ ನೆಲವನ್ನೇ ಕೈಯವರೆಗೆ ತರುವುದು ಅಲ್ಲಿಯ ಕ್ರಮ: ಅಂಗೈ ಕೆಳಗೆ ಇಟ್ಟಿಗೆ ಇಟ್ಟು ತ್ರಿಕೋನಾಸನ, ಪಾದಕ್ಕೆ ಪಟ್ಟಿ ಸುತ್ತಿ ಪಶ್ಚಿಮೋತ್ತಾನಾಸನ. ಹಿಮ್ಮಡಿ ಎಲ್ಲಿ, ಹೆಬ್ಬೆರಳು ಎಲ್ಲಿ ಎಂದು ಅವರು ನೋಡುವಷ್ಟು ಇನ್ನಾರೂ ನೋಡುವುದಿಲ್ಲ. ಬೇಗ ಬೇಸರ ಪಡುವವರಿಗೆ ಮಾತ್ರ ಇದು ಕಷ್ಟ. ಸುಮ್ಮನೆ ನೆಟ್ಟಗೆ ನಿಲ್ಲುವ ಒಂದೇ ತಾಡಾಸನದ ಬಗ್ಗೆ ಹದಿನೈದು ನಿಮಿಷ ಕೇಳುವ ತಾಳ್ಮೆ ಬೇಕು.

ಇನ್ನು ದುಡ್ಡಿನ ವಿಷಯ. ನಾನು ಮೊದಲು ಸೇರಿದ ಕಡೆ ತಿಂಗಳಿಗೆ 1,500 ರೂಪಾಯಿ, ಒಟ್ಟಿಗೆ ವರ್ಷದ್ದು ಕಟ್ಟಿದರೆ 12,000 ಎಂದರು. ಗೃಹಿಣಿಯ ಬುದ್ಧಿ ಎಲ್ಲಿಗೆ ಹೋಗುತ್ತದೆ? ರಿಯಾಯಿತಿಯ ಕಡೆಗೇ. ವರ್ಷದ್ದನ್ನು ಕಟ್ಟಿ ಬಂದೆ. ದುಡ್ಡು ಕಟ್ಟಿದ್ದೇನೆಂಬ ಸಂಕಟಕ್ಕಾದರೂ ಹೋಗುತ್ತೇನೆ ಎಂಬ ಲೆಕ್ಕಾಚಾರ ಆರನೆಯ ವಾರಕ್ಕೇ ಕೈಕೊಟ್ಟಿತು. ಒಟ್ಟು ಹೋದದ್ದು 40 ದಿನ, ದಿನಕ್ಕೆ 300 ರೂಪಾಯಿ ಬಿದ್ದಂತಾಯಿತು. ನಾನು ಬಾರದಿದ್ದುದನ್ನು ಅವರು ಗಮನಿಸಲಿಲ್ಲ, ಗಮನಿಸುವ ಅಗತ್ಯ ಅವರಿಗಿರಲಿಲ್ಲ. ಈಗ ಯಾರು ಕೇಳಿದರೂ ಹೇಳುವುದು ಒಂದೇ: ಮೊದಲ ಮೂರು ತಿಂಗಳು ತಿಂಗಳ ಲೆಕ್ಕದಲ್ಲೇ ಕಟ್ಟಿ. ಮತ್ತು ಸೇರುವ ದಿನವೇ ಗುರುಗಳಿಗೆ ನಿಮ್ಮ ಬಿಪಿ, ಮಂಡಿನೋವು, ಹಳೆಯ ಆಪರೇಷನ್ ಯಾವುದಿದ್ದರೂ ಹೇಳಿ "ಇದಕ್ಕೆ ಏನೇನು ಬಿಡಬೇಕು?" ಎಂದು ಕೇಳಿ. ಬಿಡಬೇಕಾದವುಗಳ ಹೆಸರು ಹೇಳಿದವರ ಹತ್ತಿರ ಸೇರಿ. "ಏನೂ ಆಗುವುದಿಲ್ಲ, ಎಲ್ಲವನ್ನೂ ಮಾಡಿ, ತಾನೇ ವಾಸಿಯಾಗುತ್ತದೆ" ಎಂದವರಿಗೆ ನಮಸ್ಕಾರ ಹೇಳಿ ಚಪ್ಪಲಿ ಮೆಟ್ಟಿಕೊಳ್ಳಿ.

ಪರದೆಯ ಮೇಲೆ

ಮೊಬೈಲಿನಲ್ಲಿ ಕಲಿಯುವುದೆಂದರೆ ಎರಡು ಬೇರೆ ಬೇರೆ ಸಂಗತಿಗಳು, ಒಂದೇ ಎಂದು ತಿಳಿಯಬೇಡಿ.

ಗುರುಗಳು ಆ ಹೊತ್ತಿಗೇ ಆ ಬದಿಯಲ್ಲಿ ಕುಳಿತು ನಡೆಸುವ ನೇರ ತರಗತಿ ಪರವಾಗಿಲ್ಲ. ಕ್ಯಾಮೆರಾ ತೆರೆದಿಡಲೇಬೇಕು ಎನ್ನುವವರನ್ನು ಆರಿಸಿ, ಪಕ್ಕದಿಂದ ನಿಮ್ಮ ಇಡೀ ಮೈ ಕಾಣುವಂತೆ ಫೋನನ್ನು ಸ್ಟೂಲಿನ ಮೇಲೆ ಇಡಿ. ಅವರಿಗೆ ಬೆನ್ನಿನ ಗೂನು ಕಾಣುತ್ತದೆ, ಉಸಿರು ಬಿಗಿಹಿಡಿದದ್ದು ಕಾಣುವುದಿಲ್ಲ. ಹೊರದೇಶದಲ್ಲಿರುವವರಿಗೆ ಇದೊಂದು ದೊಡ್ಡ ಅನುಕೂಲ. ನ್ಯೂಜೆರ್ಸಿಯಲ್ಲಿರುವ ನನ್ನ ತಂಗಿ ಮೈಸೂರಿನ ಬೆಳಗಿನ ಐದೂವರೆಯ ತರಗತಿಗೆ ಅಲ್ಲಿಯ ಹಿಂದಿನ ರಾತ್ರಿ ಎಂಟಕ್ಕೆ ಕುಳಿತುಕೊಳ್ಳುತ್ತಾಳೆ, ಮಕ್ಕಳ ಊಟ ಮುಗಿಸಿ. ನವೆಂಬರಿನಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ಅದು ಏಳು ಗಂಟೆಯಾಗುತ್ತದೆ, ಸರಿಯಾಗಿ ಮಕ್ಕಳಿಗೆ ಬಡಿಸುವ ಹೊತ್ತು. ಎರಡು ವರ್ಷ ಪ್ರತಿ ನವೆಂಬರಿನಲ್ಲಿಯೂ ಅವಳ ಯೋಗ ನಿಂತಿತು. ಸೋಮಾರಿತನ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದವಳಿಗೆ ಮೂರನೆಯ ವರ್ಷ ಹೊಳೆಯಿತು, ಬೇಕಾದದ್ದು ಚಳಿಗಾಲಕ್ಕೊಂದು ಬೇರೆ ತರಗತಿ ಎಂದು.

ಮೊದಲೇ ಚಿತ್ರೀಕರಿಸಿಟ್ಟ ವಿಡಿಯೊ ಬೇರೆಯೇ ಮಾತು. ತಪ್ಪೂ ಕಾಣುವುದಿಲ್ಲ, ತಪ್ಪಿಸಿಕೊಂಡದ್ದೂ ಗೊತ್ತಾಗುವುದಿಲ್ಲ. ಜೊತೆಗೆ ಅಧೋಮುಖ ಶ್ವಾನಾಸನದಲ್ಲಿ ತಲೆಕೆಳಗಾಗಿ ನಿಂತು, ಮುಂದೇನು ಎಂದು ಪರದೆಯ ಕಡೆ ಕತ್ತು ಎತ್ತುವುದಿದೆಯಲ್ಲ, ಅದು ಯಾವ ಶಾಸ್ತ್ರದಲ್ಲಿಯೂ ಇಲ್ಲದ ಆಸನ. ಇದಕ್ಕಿಂತ ದೊಡ್ಡ ತೊಡಕು ಆಯ್ಕೆಯದು. ಬೆನ್ನುನೋವಿಗೆ ಹತ್ತು ನಿಮಿಷ, ಹೊಟ್ಟೆ ಕರಗಲು ಏಳು ದಿನ, ಹೊಸಬರಿಗೆ, ತೀರಾ ಹೊಸಬರಿಗೆ ಎಂದು ಹುಡುಕುವುದರಲ್ಲೇ ಚಾಪೆ ಹಾಸಿದ ಅರ್ಧ ಗಂಟೆ ಮುಗಿದಿರುತ್ತದೆ. ನಾನು ಬಿಟ್ಟ ಎರಡನೆಯ ಹಾದಿ ಇದು.

ಅನಿವಾರ್ಯವಾದರೆ ಹೀಗೆ ಮಾಡಿ. ಅರ್ಧ ಮುಕ್ಕಾಲು ಗಂಟೆಯ ಒಂದೇ ವಿಡಿಯೊ ಆರಿಸಿ, ಮೊಬೈಲಿಗೆ ಇಳಿಸಿಕೊಂಡು, ಒಂದು ಮಂಡಲ, ಅಂದರೆ 48 ದಿನ, ಅದನ್ನೇ ಮಾಡಿ. ಎರಡನೆಯ ವಾರದಿಂದ ನೋಡುವ ಅಗತ್ಯವಿರುವುದಿಲ್ಲ, ಕಿವಿ ಸಾಕು. ಯಾವುದೆಂದು ತೋಚದಿದ್ದರೆ ಜೂನ್ 21ರ ಯೋಗ ದಿನಕ್ಕಾಗಿ ಆಯುಷ್ ಸಚಿವಾಲಯ ರೂಪಿಸಿರುವ 45 ನಿಮಿಷದ ಸಾಮಾನ್ಯ ಕ್ರಮವಿದೆ: ಕತ್ತು ಭುಜಗಳ ಚಾಲನೆಯಿಂದ ಶುರುವಾಗಿ ನಿಂತು, ಕುಳಿತು, ಕವುಚಿ, ಅಂಗಾತ ಮಲಗಿ ಮಾಡುವ ಆಸನಗಳ ಮೂಲಕ ಪ್ರಾಣಾಯಾಮ, ಧ್ಯಾನಕ್ಕೆ ಬರುತ್ತದೆ. ಭಾಷಣದ ವೇದಿಕೆಗಳ ಮುಂದೆ ವರ್ಷಕ್ಕೊಮ್ಮೆ ಮಾಡಿ ಮರೆಯುವುದರಿಂದ ಅದಕ್ಕೆ ಸಲ್ಲಬೇಕಾದ ಮರ್ಯಾದೆ ಸಿಕ್ಕಿಲ್ಲ.

ಮನೆಯಲ್ಲಿ, ಒಬ್ಬರೇ

ಕೊನೆಗೆ ನಾನು ನಿಂತದ್ದು ಇಲ್ಲಿ, ಆದರೆ ಇಲ್ಲಿಂದಲೇ ಶುರು ಮಾಡಲಿಲ್ಲ. ಅದಕ್ಕೂ ಮೊದಲು ಐದು ತಿಂಗಳು ಪಕ್ಕದ ರಸ್ತೆಯ ಹಿರಿಯ ಶಿಕ್ಷಕಿಯೊಬ್ಬರ ಹತ್ತಿರ ವಾರಕ್ಕೆ ಮೂರು ದಿನ ಕಲಿತೆ, ನಾವು ಮೂವರೇ ಶಿಷ್ಯೆಯರು. ಅವರು ಮಗನ ಮನೆಗೆ ಹೋಗಿ ನೆಲಸಿದಾಗ ಕೈಯಲ್ಲಿ ಉಳಿದದ್ದು ಮೂವತ್ತೈದು ನಿಮಿಷದ ಒಂದು ಪಾಠ. ತಾಡಾಸನ, ಅರ್ಧಕಟಿಚಕ್ರಾಸನ, ತ್ರಿಕೋನಾಸನ, ನಿಧಾನವಾಗಿ ಆರು ಸೂರ್ಯನಮಸ್ಕಾರ, ಭುಜಂಗಾಸನ, ವಕ್ರಾಸನ, ಸೇತುಬಂಧ, ಗೋಡೆಗೆ ಕಾಲು ಒರಗಿಸಿ ಐದು ನಿಮಿಷ, ಒಂದೊಂದೇ ಮೂಗಿನ ಹೊಳ್ಳೆಯಿಂದ ಉಸಿರಾಡುವ ನಾಡಿಶುದ್ಧಿ, ಶವಾಸನ. ಏಳು ವರ್ಷದಲ್ಲಿ ಇದಕ್ಕೆ ಸೇರಿದ್ದು ಎರಡೇ ಆಸನ.

ಸಾಮಾನುಗಳಿಗೆ ಅಂಗಡಿಗೆ ಓಡಬೇಕಿಲ್ಲ. ಪಟ್ಟಿಗೆ ಹಳೆಯ ವೇಲು, ಇಟ್ಟಿಗೆಗೆ ದಪ್ಪನೆಯ ಎರಡು ಪುಸ್ತಕ, ಕುಳಿತುಕೊಳ್ಳಲು ನಾಲ್ಕು ಮಡಿಕೆ ಹಾಕಿದ ಕಂಬಳಿ. ಮ್ಯಾಟ್ ಮಾತ್ರ ಕೊಳ್ಳುವುದು ಒಳ್ಳೆಯದು, ಮೊಸಾಯಿಕ್ ನೆಲದಲ್ಲಿ ಜಮಖಾನ ಜಾರುತ್ತದೆ. 4 ಮಿಲಿಮೀಟರಿನದು ನಿಂತು ಮಾಡುವವಕ್ಕೆ ಸ್ಥಿರ, 6ರದು ಮಂಡಿಗೆ ಮೃದು. ಅದಕ್ಕಿಂತ ದಪ್ಪನೆಯದು ಹಾಸಿಗೆಯಂತಾಗಿ ಒಂಟಿಕಾಲಿನಲ್ಲಿ ನಿಲ್ಲುವಾಗ ಓಲಾಡಿಸುತ್ತದೆ.

ಮನೆಯಲ್ಲಿ ಹೊಸದಾಗಿ ಕಲಿಯಬಾರದವು ಕೆಲವು ಇವೆ. ಶೀರ್ಷಾಸನ, ಸರ್ವಾಂಗಾಸನಗಳನ್ನು ಎದುರಿಗೆ ಗುರುವಿಲ್ಲದೆ ಶುರು ಮಾಡಬೇಡಿ; ರಕ್ತದೊತ್ತಡ, ಕತ್ತಿನ ಸವೆತ, ಕಣ್ಣಿನ ಗ್ಲಾಕೋಮಾ ಇರುವವರಿಗಂತೂ ಶೀರ್ಷಾಸನ ಬೇಡವೇ ಬೇಡ. ರಭಸದಿಂದ ಉಸಿರು ಹೊಡೆಯುವ ಕಪಾಲಭಾತಿ, ಭಸ್ತ್ರಿಕಾಗಳು ಬಸುರಿಯರಿಗೆ, ಹರ್ನಿಯಾ ಇರುವವರಿಗೆ, ಹತೋಟಿಯಲ್ಲಿಲ್ಲದ ಬಿಪಿಯವರಿಗೆ ಸಲ್ಲವು. ಟಿವಿ ನೋಡಿಕೊಂಡು ಸೋಫಾದ ಮೇಲೆ ಕಪಾಲಭಾತಿ ಹೊಡೆಯುವವರನ್ನು ಕಂಡರೆ ನನಗೆ ಹೆದರಿಕೆಯಾಗುತ್ತದೆ.

ಯೋಗಸೂತ್ರಗಳ ಪತಂಜಲಿ ಆಸನಕ್ಕೆ ಹೇಳಿದ್ದು ಎರಡೇ ಗುಣ, ಸ್ಥಿರ ಮತ್ತು ಸುಖ. ತರಗತಿಯಲ್ಲಿ ನನಗೆ ಸ್ಥಿರ ಸಿಕ್ಕಿತು, ಸುಖ ಸಿಕ್ಕಿದ್ದು ಮನೆಯಲ್ಲಿ. ಆದರೆ ಮನೆಯ ಅಭ್ಯಾಸದಲ್ಲಿ ತಪ್ಪಿಸಿಕೊಂಡರೆ ಕೇಳುವವರು ಗೋಡೆಗಳು ಮಾತ್ರ. ಅದಕ್ಕೊಂದು ಉಪಾಯ ಮಾಡಿಕೊಂಡಿದ್ದೇನೆ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿಯೇ ಯೋಗ ಮಾಡಿದ ದಿನಕ್ಕೆ ಒಂದು ಚುಕ್ಕೆ. ತಿಂಗಳ ಕೊನೆಗೆ ಹಾಲಿನ ಲೆಕ್ಕ ಮಾಡುವಾಗ ಚುಕ್ಕೆಗಳೂ ಕಣ್ಣಿಗೆ ಬೀಳುತ್ತವೆ, ನನಗಷ್ಟೇ ಅಲ್ಲ, ಮನೆಯವರಿಗೂ. ಹದಿನೆಂಟಕ್ಕಿಂತ ಕಡಿಮೆಯಿದ್ದರೆ ಅವರು ಕೆಮ್ಮುತ್ತಾರೆ.

ಯಾವ ಹೊತ್ತು

ಬ್ರಾಹ್ಮೀ ಮುಹೂರ್ತದಲ್ಲಿ ಏಳಿ ಎಂದು ಎಲ್ಲರೂ ಹೇಳುತ್ತಾರೆ. ಹೇಳುವವರಲ್ಲಿ ಹೆಚ್ಚಿನವರು ಬೇರೆಯವರು ಮಾಡಿಕೊಟ್ಟ ಕಾಫಿ ಕುಡಿಯುವವರು. ಬೆಳಿಗ್ಗೆ ಐದೂವರೆಯಿಂದ ಎಂಟೂವರೆವರೆಗೆ ಡಬ್ಬಿಗೆ ಚಿತ್ರಾನ್ನ, ಅತ್ತೆಯವರಿಗೆ ಉಪ್ಪಿಲ್ಲದ ಬೇರೆ ತಿಂಡಿ, ನೀರು ಬಿಟ್ಟಿದ್ದರೆ ತೊಟ್ಟಿ ತುಂಬಿಸುವುದು, ಇಷ್ಟರ ನಡುವೆ ಕುಕ್ಕರಿನ ಕೂಗು ಎಣಿಸುತ್ತ ನಾಡಿಶುದ್ಧಿ ಮಾಡಿದರೆ ಮೂರನೆಯ ಕೂಗಿಗೆ ಮನಸ್ಸು ಅಡುಗೆಮನೆಯಲ್ಲಿರುತ್ತದೆ. ನಾನು ಬಿಟ್ಟ ಮೂರನೆಯ ಏರ್ಪಾಟು ಬೆಳಗಿನ ತರಗತಿಯೇ. ಎರಡು ವಾರ ನಾಲ್ಕಕ್ಕೆ ಎದ್ದೆ, ಮೂರನೆಯ ವಾರ ಜ್ವರ ಬಂತು.

ಆಸನಕ್ಕೆ ಬೇಕಾದದ್ದು ಹಗುರವಾದ ಹೊಟ್ಟೆ. ಊಟವಾಗಿ ಮೂರು ನಾಲ್ಕು ಗಂಟೆ ಕಳೆದಿದ್ದರೆ ಸಾಕು, ಅಂದರೆ ಮಧ್ಯಾಹ್ನ ಹನ್ನೆರಡೂವರೆಗೆ ಉಂಡವರಿಗೆ ನಾಲ್ಕೂವರೆ ಒಳ್ಳೆಯ ಹೊತ್ತು. ಮೈಯೂ ಬೆಳಿಗ್ಗೆಗಿಂತ ಸಡಿಲವಾಗಿರುತ್ತದೆ. ಕಚೇರಿಯಿಂದ ಏಳಕ್ಕೆ ಬರುವವರು ರಾತ್ರಿ ಊಟಕ್ಕೆ ಮೊದಲು ಇಪ್ಪತ್ತು ನಿಮಿಷ ಹಿಡಿಯಬಹುದು, ಆದರೆ ಆಗ ಸೂರ್ಯನಮಸ್ಕಾರದ ಓಟ ಬಿಟ್ಟು ನೆಲದ ಮೇಲಿನ ಆಸನಗಳನ್ನು ಆರಿಸಿದರೆ ನಿದ್ದೆಗೆ ಅಡ್ಡಿಯಿಲ್ಲ. ದಿನಾ ಇಪ್ಪತ್ತು ನಿಮಿಷವೋ, ವಾರಕ್ಕೆ ಮೂರು ದಿನ ಒಂದು ಗಂಟೆಯೋ ಎಂದು ಕೇಳುವವರಿಗೆ: ಉಳಿಯುವುದು ಇಪ್ಪತ್ತು ನಿಮಿಷವೇ. ಒಂದು ಗಂಟೆಯನ್ನು ನಾಳೆಗೆ ಮುಂದೂಡಲು ನೆಪ ಸಿಗುತ್ತದೆ, ಇಪ್ಪತ್ತು ನಿಮಿಷ ಇರಲಿಲ್ಲ ಎಂದು ಹೇಳಲು ನಾಚಿಕೆಯಾಗುತ್ತದೆ.

ನಿಂತು ಹೋದ ಮೇಲೆ

ಪತಂಜಲಿ ಎಣಿಸಿದ ಒಂಬತ್ತು ಅಡ್ಡಿಗಳಲ್ಲಿ ಮೊದಲನೆಯದು ವ್ಯಾಧಿ, ಕೊನೆಯದು ಅನವಸ್ಥಿತತ್ವ, ಅಂದರೆ ತಲುಪಿದ ಕಡೆ ನಿಲ್ಲಲಾಗದಿರುವುದು. ಗೌರಿ ಹಬ್ಬ, ನೆಂಟರು, ಜ್ವರ, ಪರೀಕ್ಷೆ, ಏನಾದರೊಂದು ಬಂದು ಅಭ್ಯಾಸ ನಿಲ್ಲುವುದು ನಿಶ್ಚಿತ. ಬಿಟ್ಟವರೆಲ್ಲ ಬಿಡುವುದು ಆ ದಿನಗಳಲ್ಲಲ್ಲ, ಹಿಂದಿರುಗಿದ ಮೊದಲ ದಿನ. ಬಾಕಿ ತೀರಿಸುವವರಂತೆ ಒಂದೂವರೆ ಗಂಟೆ ಮೈ ದಂಡಿಸಿ, ಮರುದಿನ ಬಚ್ಚಲಿನ ಹೊಸ್ತಿಲು ದಾಟಲಾಗದೆ ನರಳುತ್ತಾರೆ, ಅಲ್ಲಿಗೆ ಮುಗಿಯಿತು.

ಕಳೆದ ವರ್ಷ ಮಗಳ ಬಾಣಂತನದಲ್ಲಿ ಎರಡೂವರೆ ತಿಂಗಳು ನಾನು ಮ್ಯಾಟ್ ಬಿಡಿಸಲಿಲ್ಲ. ಕ್ಯಾಲೆಂಡರಿನಲ್ಲಿ ಹಾಲು ಹೆಚ್ಚಾಯಿತು, ಚುಕ್ಕೆ ಇಲ್ಲವಾಯಿತು. ಮಗಳು ಮಗುವನ್ನು ಕರೆದುಕೊಂಡು ಹೋದ ಮೇಲೂ ನಾಲ್ಕೂವರೆಗೆ ನಿದ್ದೆಯೇ ಬರುತ್ತಿತ್ತು. ಒಂದು ರಾತ್ರಿ ಮನೆಯವರು "ನಾಳೆ ನನ್ನ ಜೊತೆ ಬಂದುಬಿಡು" ಎಂದರು. ಡಬ್ಬಿ ಕಟ್ಟುವವರು ಯಾರೆಂದು ಕೇಳಿದೆ. ಹತ್ತು ದಿನ ದರ್ಶಿನಿಯ ಇಡ್ಲಿ ತರೋಣ ಎಂದರು. ಹೋದೆ. ಹಿಂದಿನ ಸಾಲಿನಲ್ಲಿ ಗೋಡೆಯ ಪಕ್ಕ ನಿಂತು, ಮೊದಲ ಮೂರು ದಿನ ಕತ್ತು ಭುಜ ತಿರುಗಿಸಿ ಶವಾಸನಕ್ಕೆ ಮಲಗಿದೆ, ಯಾರೂ ಆಕ್ಷೇಪಿಸಲಿಲ್ಲ. ಆರನೆಯ ದಿನ ಏಳಲು ಮನಸ್ಸಾಗಲಿಲ್ಲ, ಆದರೆ ಮುಂದಿನ ಸಾಲಿನ ನಿವೃತ್ತ ಮೇಷ್ಟರು ಕೇಳುತ್ತಾರಲ್ಲ ಎಂದು ಎದ್ದೆ. ಹನ್ನೊಂದನೆಯ ದಿನ ಸಂಜೆ ನಾಲ್ಕೂವರೆಗೆ ಮಲಗುವ ಕೋಣೆಯ ಕದ ಹಾಕಿಕೊಂಡು ಮ್ಯಾಟ್ ಬಿಡಿಸಿದೆ. ಮರುದಿನ ಬೆಳಿಗ್ಗೆ ತರಗತಿಯಿಂದ ಬಂದ ಮನೆಯವರು, ಮೇಷ್ಟರು ನನ್ನನ್ನು ವಿಚಾರಿಸಿದರೆಂದು ಹೇಳಿ, ಪೇಪರ್ ಬಿಡಿಸಿಕೊಂಡು ಕುಳಿತರು.